ಮುಪ್ಪಿಗೆ ಆಸರೆ ಯಾವುದು?

‘ಅವರಿಗೇನು ಕಡಿಮೆ, ಗಂಡುಮಕ್ಕಳಿದ್ದಾರೆ’ ಎಂಬುದು ವಯಸ್ಸಾದವರ ಪ್ರಸ್ತಾಪ ಬಂದಾಗ ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಆಡುವವರು ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಮಗನ ಮನೆಯಲ್ಲಿ ಎರಡು ಹೊತ್ತಿನ ಊಟ, ಮಲಗಲು ಒಂದು ಮೂಲೆ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯಲು ಒಂದು ಜೀವ. ಇಷ್ಟಿದ್ದರೆ ಮುಪ್ಪು ನೆಮ್ಮದಿಯಿಂದ ಕಳೆಯಿತೆಂದೇ ನಮ್ಮ ಹಿರಿಯರೂ ನಂಬಿದ್ದರು, ನಾವೂ ನಂಬಿಕೊಂಡು ಬಂದಿದ್ದೇವೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಮನೆಮನೆಗೆ ಕೊಂಡೊಯ್ಯುವ ಪ್ರಶ್ನಾವಳಿಯೂ ಈ ನಂಬಿಕೆಗೆ ಹೊರತಲ್ಲ. ‘ಯಾರೊಡನೆ ವಾಸ?’ ಎಂದು ಅದರಲ್ಲಿ ಒಂದು ಅಂಕಣ. ಅದರ ಎದುರಿಗೆ ‘ಮಗನೊಡನೆ’ ಎಂದು ಬರೆದು, ಆಸರೆಯುಂಟು ಎಂದು ಗುರುತು ಹಾಕಿ, ಮುಂದಿನ ಮನೆಯ ಬಾಗಿಲು ತಟ್ಟುತ್ತಾರೆ. ಈ ಒಂದು ಅಂಕಣ ನಮ್ಮನ್ನು ಬಹುಕಾಲದಿಂದ ದಾರಿ ತಪ್ಪಿಸುತ್ತಿದೆ ಎಂದು ನನಗೆ ತೋರುತ್ತದೆ. ಏಕೆಂಬುದನ್ನು ನಮ್ಮ ದಾವಣಗೆರೆ, ಹರಿಹರಗಳ ಸಂಗತಿಯನ್ನೇ ಹಿಡಿದು ವಿಚಾರಿಸೋಣ.

ಮೊದಲು ಸ್ವಲ್ಪ ಲೆಕ್ಕ. ೨೦೧೧ರ ಜನಗಣತಿಯ ಕಾಲಕ್ಕೆ ೬೦ ವರ್ಷ ದಾಟಿದವರು ಭಾರತದಲ್ಲಿ ಸುಮಾರು ೧೦.೩೮ ಕೋಟಿ ಇದ್ದರು. ಕರ್ನಾಟಕದಲ್ಲಿ ನೂರು ಜನಕ್ಕೆ ಒಂಬತ್ತೂವರೆಯಷ್ಟು. ೨೦೧೭-೧೮ರಲ್ಲಿ ದೇಶದಾದ್ಯಂತ ವಯಸ್ಸಾದವರ ಸ್ಥಿತಿಗತಿಗಳ ದೊಡ್ಡ ಸಮೀಕ್ಷೆಯೊಂದು ನಡೆಯಿತು. ‘ಲಾಸಿ’ ಎಂದು ಅದಕ್ಕೆ ಚಿಕ್ಕ ಹೆಸರು. ೪೫ ದಾಟಿದ ೭೨,೦೦೦ಕ್ಕೂ ಹೆಚ್ಚು ಮಂದಿಯನ್ನು ಅದರಲ್ಲಿ ಕಂಡು ಮಾತನಾಡಿಸಿದರು. ಅವರಲ್ಲಿ ೩೧,೦೦೦ಕ್ಕೂ ಹೆಚ್ಚು ಮಂದಿ ೬೦ ದಾಟಿದವರು. ಒಂಟಿಯಾಗಿ ಬಾಳುತ್ತಿದ್ದ ಹಿರಿಯರು ನೂರಕ್ಕೆ ಆರು ಮಂದಿ ಮಾತ್ರ. ಉಳಿದ ತೊಂಬತ್ತನಾಲ್ಕು ಮಂದಿ ಗಂಡನೊಡನೆಯೋ ಹೆಂಡತಿಯೊಡನೆಯೋ ಮಕ್ಕಳೊಡನೆಯೋ ಅಂತೂ ಯಾರದಾದರೂ ಜೊತೆಯಲ್ಲಿದ್ದವರು. ಅದೇ ಸಮೀಕ್ಷೆಯಲ್ಲಿ, ಲಕ್ಷಣಗಳನ್ನು ಒಂದೊಂದಾಗಿ ಕೇಳಿ ಅಳೆದಾಗ, ಖಿನ್ನತೆಯ ಕಾಯಿಲೆ ಇರಬಹುದಾದ ಹಿರಿಯರು ನೂರಕ್ಕೆ ಎಂಟು ಮಂದಿ ಎಂದು ತಿಳಿಯಿತು. ಈಗ ವಾಚಕರು ಒಂದು ಸಣ್ಣ ಕಳೆಯುವ ಲೆಕ್ಕ ಮಾಡಲಿ. ಒಂಟಿಯಾಗಿರುವ ಆರು ಮಂದಿಯೂ ಖಿನ್ನರೇ ಎಂದು ಇಟ್ಟುಕೊಂಡರೂ (ಹಾಗಿರುವುದು ಸಾಧ್ಯವಿಲ್ಲ) ಇನ್ನೂ ಇಬ್ಬರು ಉಳಿಯುತ್ತಾರೆ. ಅವರು ತುಂಬಿದ ಮನೆಯಲ್ಲಿರುವವರು. ನಿಜದಲ್ಲಿ ಆ ಎಂಟರ ಪೈಕಿ ಬಹುಮಂದಿ ತುಂಬಿದ ಮನೆಯವರೇ ಆಗಿರಬೇಕು. ‘ಮಗನೊಡನೆ’ ಎಂಬ ಉತ್ತರ ಮನಸ್ಸಿನ ಆರೋಗ್ಯಕ್ಕೆ ಜಾಮೀನು ಅಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ರುಜುವಾತು ಬೇಕಿಲ್ಲ.

ಇನ್ನೂ ಒಂದು ಅಂಶ ಅಲ್ಲಿಯೇ ಇದೆ. ತಮಗೆ ಖಿನ್ನತೆಯಿದೆ ಎಂದು ವೈದ್ಯರು ಹೇಳಿದ್ದಾರೆ ಎಂದು ತಾವಾಗಿ ತಿಳಿಸಿದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಕಾಯಿಲೆಯುಳ್ಳ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಅದು ಕಾಯಿಲೆಯೆಂಬುದೇ ಗೊತ್ತಿಲ್ಲ.

ಆಸರೆ ಎಂದರೇನು? ಪಂಡಿತರು ಸಾಮಾಜಿಕ ಬೆಂಬಲವನ್ನು ವಿಂಗಡಿಸುವಾಗ ಹಣಕಾಸಿನ ನೆರವು, ಕೈಕಾಲಿನ ನೆರವು, ತಿಳಿವಳಿಕೆಯ ನೆರವು, ಮನಸ್ಸಿಗೆ ಒತ್ತಾಸೆ ಎಂದು ನಾಲ್ಕು ಬಗೆ ಹೇಳುವುದುಂಟು. ನಮ್ಮ ಮುದುಕಮ್ಮಂದಿರು ಇದನ್ನೆಲ್ಲ ಓದಿದವರಲ್ಲ. ಆದರೆ ‘ಉಣ್ಣಾಕ ಇಕ್ತಾರೆ, ಮಾತಾಡ್ಸೋರಿಲ್ಲ’ ಎಂದು ಅವರು ಹೇಳುವಾಗ ಮೊದಲ ಬಗೆಯಿಂದ ಕೊನೆಯ ಬಗೆಯನ್ನು ಬಹು ಸ್ಪಷ್ಟವಾಗಿ ಬೇರ್ಪಡಿಸಿರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಅಲಮೇಡ ಎಂಬಲ್ಲಿ ೬,೯೨೮ ವಯಸ್ಕರನ್ನು ೯ ವರ್ಷಗಳ ಕಾಲ ಗಮನಿಸಿ, ಲಿಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ ಎಂಬಿಬ್ಬರು ೧೯೭೯ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಜನರ ಒಡನಾಟ ತೀರ ಕಡಿಮೆಯಿದ್ದವರು, ಒಡನಾಟ ಸಮೃದ್ಧವಾಗಿದ್ದವರಿಗಿಂತ, ಆ ಅವಧಿಯಲ್ಲಿ ಸಾಯುವ ಸಂಭವ ಎರಡು ಪಟ್ಟಿಗೂ ಮಿಗಿಲಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಅವರು ಲೆಕ್ಕ ಹಿಡಿದದ್ದು ಮನೆಯವರನ್ನು ಮಾತ್ರವಲ್ಲ. ದಾಂಪತ್ಯ, ನೆಂಟರಿಷ್ಟರು ಮತ್ತು ಸ್ನೇಹಿತರು, ಚರ್ಚು, ಸಂಘಸಂಸ್ಥೆ ಎಂದು ನಾಲ್ಕು ಬಾಗಿಲುಗಳನ್ನು ಎಣಿಸಿದರು. ೨೦೧೦ರಲ್ಲಿ ಇಂತಹ ೧೪೮ ಸಂಶೋಧನೆಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಸಂಗತಿಯನ್ನು, ಒಟ್ಟುಗೂಡಿಸಿ ನೋಡಿದಾಗಲೂ ಮಾತು ಬದಲಾಗಲಿಲ್ಲ. ನಾವಾದರೋ ಮೂರು ಬಾಗಿಲು ಮುಚ್ಚಿದ್ದರೂ ಚಿಂತೆಯಿಲ್ಲ, ಒಂದು ತೆರೆದಿದ್ದರೆ ಸಾಕು ಎನ್ನುತ್ತಿದ್ದೇವೆ.

ದಾವಣಗೆರೆಯ ವಿಷಯಕ್ಕೆ ಬರೋಣ. ಈ ಊರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿಯ ಮಿಲ್ಲುಗಳ ಊರು. ದಾವಣಗೆರೆ ಕಾಟನ್ ಮಿಲ್ಲಿನ ಹೆಸರು ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಇಂದಿಗೂ ಉಳಿದಿದೆ. ಬಸ್ಸಿನ ಕಂಡಕ್ಟರು ಆ ಹೆಸರು ಕೂಗಿದಾಗ ಇಳಿಯುವ ಹುಡುಗರಿಗೆ ಆ ಮೂರು ಅಕ್ಷರಗಳ ಅರ್ಥ ತಿಳಿದಿರಲೇಬೇಕೆಂದಿಲ್ಲ. ಸುತ್ತಲ ಹಳ್ಳಿಗಳಿಂದ ಹೊಲ ಸಾಲದೆ ಬಂದವರು, ಮಳೆ ಕೈಕೊಟ್ಟು ಬಂದವರು, ಚಿಕ್ಕಂದಿನಲ್ಲಿಯೇ ಮಿಲ್ಲಿನ ಗೇಟು ಹೊಕ್ಕವರು. ಇವರ ಬಾಳು ಪಾಳಿಯ ಬಾಳು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿಯ ಪಾಳಿ. ಒಂದೇ ಪಾಳಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ನೂಲಿನ ಧೂಳನ್ನು ಒಟ್ಟಿಗೆ ಉಸಿರಾಡಿದವರ ನಡುವೆ ಬೆಳೆಯುವ ಸಂಬಂಧಕ್ಕೆ ಹೆಸರು ಕೊಡುವುದು ಕಷ್ಟ. ಅದು ನೆಂಟಸ್ತಿಕೆಯಲ್ಲ, ಜಾತಿಯಲ್ಲ, ಓಣಿಯೂ ಅಲ್ಲ. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದೆ ಕೈಸನ್ನೆಯಿಂದಲೇ ಸುಖದುಃಖ ಹೇಳಿಕೊಂಡವರು ಅವರು. ಪಾಳಿ ಬಿಟ್ಟ ಮೇಲೆ ಹೋಟೆಲಿನ ಬೆಂಚು, ಮಂಡಕ್ಕಿ-ಮಿರ್ಚಿ, ಯೂನಿಯನ್ನಿನ ಸಭೆ, ಸಾಲಕ್ಕೆ ಜಾಮೀನು, ಮಗಳ ಮದುವೆಗೆ ಚಪ್ಪರದ ಕೆಲಸ. ಯಾರ ಮನೆಯಲ್ಲಿ ಸಾವಾದರೂ ಹೆಗಲು ಕೊಡಲು ಒಂದು ಪಾಳಿಯೇ ಬರುತ್ತಿತ್ತು.

ಮಿಲ್ಲುಗಳು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಒಂದೊಂದಾಗಿ ಬಾಗಿಲು ಹಾಕಿದುವು. ಆಗ ಹೋದದ್ದು ಸಂಬಳವೆಂದು ಎಲ್ಲರಿಗೂ ಗೊತ್ತು. ಅದರ ಬಗ್ಗೆ ಮುಷ್ಕರಗಳಾದುವು, ಮೊಕದ್ದಮೆಗಳಾದುವು. ಸಂಬಳದೊಡನೆ ಪಾಳಿಯೂ ಹೋಯಿತೆಂಬುದನ್ನು ಯಾರೂ ಯಾವ ಅರ್ಜಿಯಲ್ಲಿಯೂ ಬರೆಯಲಿಲ್ಲ. ಬರೆದುಕೊಳ್ಳಲು ಅದಕ್ಕೆ ಅಂಕಣವಿರಲಿಲ್ಲ.

ನನಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ. ನೂಲಿನ ಖಾತೆಯಲ್ಲಿ ದುಡಿದವರು; ಈಗ ಎಂಬತ್ತರ ಸಮೀಪ. ಮಗ ಒಳ್ಳೆಯವನು, ಸೊಸೆ ಒಳ್ಳೆಯವಳು. ಒಮ್ಮೆ ಮಾತಿನ ನಡುವೆ, ‘ಸೊಸಿ ಚೆಂದ ನೋಡ್ಕೊಂತಾಳಪ್ಪಾ. ಆದ್ರ ನಮ್ಮ ಪಾಳ್ಯಾಗ ಇನ್ನ ಮೂರ್ ಮಂದಿ ಉಳ್ದೀವಿ’ ಎಂದರು. ಕುಟುಂಬದ ಸದಸ್ಯರೆಷ್ಟು ಎಂದು ಕೇಳಿದರೆ ಅವರು ಆರು ಎನ್ನುತ್ತಾರೆ. ತಮ್ಮ ಲೆಕ್ಕವನ್ನು ತಾವೇ ಇಡುವಾಗ ಮೂರು ಎನ್ನುತ್ತಾರೆ. ಎರಡೂ ನಿಜವೇ. ನಮ್ಮ ಪ್ರಶ್ನಾವಳಿಗೆ ಮೊದಲನೆಯದು ಮಾತ್ರ ಸಿಕ್ಕುತ್ತದೆ.

ಹರಿಹರದ ಕಥೆ ಸ್ವಲ್ಪ ಭಿನ್ನ. ಅಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲೇತುಗಳನ್ನು ಮಾಡುವ ಕಾರ್ಖಾನೆ. ಅದರ ಸುತ್ತ ಬೆಳೆದ ಊರಿಗೆ ಯಂತ್ರಾಪುರವೆಂದೇ ಹೆಸರಾಯಿತು. ಲೋಹವನ್ನು ಕೂದಲೆಳೆಯ ಅಳತೆಗೆ ಕಡೆಯಬಲ್ಲ ಕೈಗಳು ಅವು. ತಮ್ಮ ಕಸುಬಿನ ಬಗ್ಗೆ ಅಭಿಮಾನವುಳ್ಳ ಜನ. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಅಂದು ನಲವತ್ತರ ಹರೆಯದಲ್ಲಿದ್ದವರು ಇಂದು ಅರವತ್ತೈದರ ಆಚೆ ಈಚೆ ಇದ್ದಾರೆ. ಅಂದರೆ ದಾವಣಗೆರೆಯ ಮಿಲ್ಲಿನವರು ಮುಪ್ಪಿನ ಕೊನೆಯ ಮೆಟ್ಟಿಲಲ್ಲಿದ್ದರೆ ಹರಿಹರದ ಕಾರ್ಖಾನೆಯವರು ಮೊದಲ ಮೆಟ್ಟಿಲಲ್ಲಿದ್ದಾರೆ. ಎರಡು ಊರುಗಳ ನಡುವೆ ಹದಿನಾಲ್ಕು ಕಿಲೋಮೀಟರು ಹಾದಿ. ನದಿಯ ಆಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಇದೆ, ನಿಜ. ಆದರೆ ಐವತ್ತರ ಲೇತು ಕಾರ್ಮಿಕನಿಗೆ ಬೇರೆ ಗೇಟಿನಲ್ಲಿ ಹೊಸ ನೌಕರಿ ಸಿಕ್ಕುವುದು ಅಷ್ಟು ಸುಲಭವೇ? ೧೯೯೫ರ ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿಯನ್ನು ೨೦೧೪ರಲ್ಲಿ ತಿಂಗಳಿಗೆ ೧,೦೦೦ ರೂಪಾಯಿ ಎಂದು ಗೊತ್ತುಮಾಡಿದರು. ೬೫ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ಬರುವುದು ೧,೨೦೦. ಇಡೀ ಬಾಳು ದುಡಿದವನಿಗಿಂತ ದುಡಿಮೆಯ ದಾಖಲೆಯೇ ಇಲ್ಲದವನಿಗೆ ಇನ್ನೂರು ರೂಪಾಯಿ ಹೆಚ್ಚು ಬರುವ ಸಂದರ್ಭವೂ ಉಂಟೆಂದಾಯಿತು. ಬಡವನಿಗೆ ಕೊಡುವುದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ದುಡಿದವನ ಮನಸ್ಸಿನಲ್ಲಿ ಆ ಸಂಖ್ಯೆ ಏನು ಮಾಡುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ.

ಗಂಡಸರ ಮಾತನ್ನೇ ಆಡುತ್ತಾ ಬಂದೆ. ಹೆಂಗಸರ ಮುಪ್ಪಿನ ದಾರಿ ಬೇರೆ. ಅವರ ಗೆಳೆತನ ಗೇಟಿನೊಳಗೆ ಬೆಳೆದುದಲ್ಲ; ನಲ್ಲಿಯ ಬಳಿ, ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ, ದುಗ್ಗಮ್ಮನ ಗುಡಿಯ ಮುಂದೆ ಬೆಳೆದುದು. ನಲ್ಲಿ ಮನೆಯೊಳಗೆ ಬಂತು. ಸೌಕರ್ಯವಾಯಿತು, ಜೊತೆಗೆ ಒಂದು ಸಭೆಯೂ ಬರಖಾಸ್ತಾಯಿತು. ಗಂಡ ಮೊದಲು ಸಾಯುವುದೇ ಹೆಚ್ಚಾದ್ದರಿಂದ ಮುಪ್ಪಿನ ದೊಡ್ಡ ಪಾಲನ್ನು ಹೆಂಗಸರು ವಿಧವೆಯರಾಗಿ ಕಳೆಯುತ್ತಾರೆ. ೨೦೨೩ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಅದನ್ನು ಕುರಿತು ಎಷ್ಟೋ ಹಾಸ್ಯಗಳು ಬಂದುವು. ‘ಮುದುಕೇರು ಮನ್ಯಾಗ ನಿಲ್ಲಂಗಿಲ್ಲ’ ಎಂದು ನಕ್ಕವರಿದ್ದಾರೆ. ನನಗೆ ಮಾತ್ರ, ದಾವಣಗೆರೆಯ ಅಜ್ಜಿಯೊಬ್ಬಳು ಸೋಮವಾರ ಹರಿಹರೇಶ್ವರನ ಗುಡಿಗೆ ಹೋಗಿ, ಹೊಳೆಯ ದಂಡೆಯಲ್ಲಿ ಅರ್ಧ ತಾಸು ಕುಳಿತು, ಅಲ್ಲಿಯೇ ಇರುವ ತಂಗಿಯ ಮನೆಯಲ್ಲಿ ಊಟ ಮುಗಿಸಿ, ಯಾರ ಬಳಿಯೂ ಕೈಚಾಚದೆ ಸಂಜೆಗೆ ಮನೆಗೆ ಮರಳುವುದೇ ದೊಡ್ಡ ಚಿಕಿತ್ಸೆಯಾಗಿ ಕಾಣುತ್ತದೆ. ಆರೋಗ್ಯ ಇಲಾಖೆಯ ಯಾವ ಕಾಗದದಲ್ಲಿಯೂ ಇದು ಮಾನಸಿಕ ಆರೋಗ್ಯದ ಯೋಜನೆಯೆಂದು ಬರೆದಿರಲಾರದು. ಅದೇ ವರ್ಷ ಆಗಸ್ಟಿನಲ್ಲಿ ಬಂದ ಗೃಹಲಕ್ಷ್ಮಿಯ ೨,೦೦೦ ರೂಪಾಯಿ ಮನೆಯ ಯಜಮಾನಿಗೆ ಸಲ್ಲುತ್ತದೆ. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿತು. ಕೆಲವು ಕಡೆ ಜಗಳವಾಯಿತು. ಆದರೆ ಮೂಲೆ ಸೇರಿದ್ದ ಅತ್ತೆಯ ಹೆಸರು ಚೀಟಿಯ ಮೇಲಿತ್ತೆಂಬುದು ಬಹುಕಾಲದ ಮೇಲೆ ಆ ಮನೆಗಳಿಗೆ ನೆನಪಾಯಿತು.

ಎಂ.ಸಿ.ಸಿ. ಬಡಾವಣೆಯ ಕಡೆಯ ದೊಡ್ಡ ಮನೆಗಳಲ್ಲಿ, ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮಕ್ಕಳ ಕೋಣೆಗಳಿಗೆ ಬೀಗ ಹಾಕಿಕೊಂಡು ಇಬ್ಬರೇ ಬಾಳುವ ದಂಪತಿಗಳ ಸಂಗತಿಯನ್ನು ಪತ್ರಿಕೆಗಳು ಆಗಾಗ ಬರೆಯುತ್ತಿರುತ್ತವೆ. ಅದೂ ನೋವೇ. ಅದನ್ನು ಹೇಳುವವರು ಇದ್ದಾರೆ. ಆದ್ದರಿಂದ ಇಲ್ಲಿ ಬಿಡುತ್ತೇನೆ.

ಇನ್ನು ವೈದ್ಯದ ವಿಚಾರ. ದಾವಣಗೆರೆಯಲ್ಲಿ ವೈದ್ಯರಿಗೆ ಬರವಿಲ್ಲ. ೧೯೬೫ರಲ್ಲಿಯೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇಲ್ಲಿ ಸ್ಥಾಪನೆಯಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಹೀಗಿದ್ದೂ ಹತ್ತರಲ್ಲಿ ಒಂಬತ್ತು ಜನಕ್ಕೆ ತಮ್ಮ ಕಾಯಿಲೆಯ ಹೆಸರು ಏಕೆ ತಿಳಿಯದು? ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣವಾದ ಮೊದಲ ಅಪರಾಧಿ ನಮ್ಮ ಗಾದೆ. ‘ಅರವತ್ತಕ್ಕೆ ಅರಳುಮರಳು’ ಎಂದು ಹೇಳಿಬಿಟ್ಟರೆ ಚಿಕಿತ್ಸೆಯ ಪ್ರಶ್ನೆಯೇ ಏಳುವುದಿಲ್ಲ. ೬೦ ದಾಟಿದ ಭಾರತೀಯರಲ್ಲಿ ಮರೆವಿನ ರೋಗ, ಅಂದರೆ ಡಿಮೆನ್ಷಿಯ, ಇರುವವರು ನೂರಕ್ಕೆ ಏಳು ಏಳೂವರೆ ಎಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಉಳಿದ ತೊಂಬತ್ತೆರಡು ಮಂದಿಗೆ ಆ ಗಾದೆ ಸುಳ್ಳು ಆಪಾದನೆ. ಆ ಏಳು ಮಂದಿಗಾದರೂ ಅದು ವಯಸ್ಸಿನ ಸಹಜ ಗುಣವಲ್ಲ, ಮಿದುಳಿನ ವ್ಯಾಧಿ. ಖಿನ್ನತೆಯಂತೂ ಹಿರಿಯರಲ್ಲಿ ಕಣ್ಣೀರಾಗಿ ಬರುವುದೇ ಅಪರೂಪ. ಮೈಕೈ ನೋವು, ನಿದ್ರೆಯಿಲ್ಲದಿರುವುದು, ಅನ್ನ ಸೇರದಿರುವುದು, ನಿಶ್ಶಕ್ತಿ ಎಂಬ ವೇಷಗಳಲ್ಲಿ ಬರುತ್ತದೆ. ಮಗ ಅಪ್ಪನನ್ನು ಕರೆದುಕೊಂಡು ಹೋಗಿ ಒಂದು ಬಾಟಲಿ ಗ್ಲೂಕೋಸು ಹಾಕಿಸಿಕೊಂಡು ಬರುತ್ತಾನೆ. ಎರಡು ದಿನ ಎಲ್ಲರಿಗೂ ಸಮಾಧಾನ.

ಎರಡನೆಯ ಕಾರಣ ಸೂಕ್ಷ್ಮವಾದುದು. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಂ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ ನಡೆಸಿದ, ೨೦೦೧ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಿರಿಯರ ಖಿನ್ನತೆ ಮತ್ತು ಮರೆವುಗಳನ್ನು ಅಲ್ಲಿಯ ಜನ ಗುರುತಿಸದೆ ಇರಲಿಲ್ಲ, ಗುರುತಿಸಿದ್ದರು. ಆದರೆ ಅದನ್ನು ವೈದ್ಯರ ಬಳಿಗೆ ಒಯ್ಯುವ ಕಾಯಿಲೆಯೆಂದು ಎಣಿಸಿರಲಿಲ್ಲ. ವಯಸ್ಸಿನ ಫಲ, ಇಲ್ಲವೆ ಮನೆಯವರ ಉಪೇಕ್ಷೆಯ ಫಲ ಎಂದು ತಿಳಿದಿದ್ದರು. ಇದರ ಪರಿಣಾಮವನ್ನು ನಾವು ನಮ್ಮ ಮನೆಗಳಲ್ಲಿಯೇ ಊಹಿಸಿಕೊಳ್ಳಬಹುದು. ‘ಅವ್ವ ಬೇಸರದಲ್ಲಿದ್ದಾಳೆ’ ಎಂದು ಮಗ ಒಪ್ಪಿಕೊಂಡರೆ ಓಣಿಯವರ ಕಣ್ಣಿನಲ್ಲಿ ಅದು ಅವನ ಮೇಲಿನ ದೂರಾಗುತ್ತದೆ. ಸೊಸೆಯ ಮೇಲಂತೂ ತೀರ್ಪೇ ಆಗುತ್ತದೆ. ಆದ್ದರಿಂದ ಮಗ ಹೇಳುವುದಿಲ್ಲ. ಅವ್ವನೂ ಹೇಳುವುದಿಲ್ಲ, ಮಗನ ಮಾನ ಹೋಗಬಾರದಲ್ಲ! ಇಂತಹ ಮನೆಗೆ ನಮ್ಮ ವಿದ್ಯಾರ್ಥಿ ಹೋಗಿ ಪಡಸಾಲೆಯಲ್ಲಿ ಕುಳಿತು, ಸೊಸೆ ಚಹಾ ತಂದು ಅಲ್ಲಿಯೇ ನಿಂತಿರುವಾಗ, ‘ಅಜ್ಜಿ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ?’ ಎಂದು ಕೇಳಿದರೆ ಏನು ಉತ್ತರ ಬಂದೀತು? ಬಂದ ಉತ್ತರವನ್ನು ಶೇಕಡಾವಾರು ಮಾಡಿ ಕೋಷ್ಟಕ ಬರೆದು ಅಂಕ ಪಡೆಯುತ್ತೇವೆ.

ಕಾನೂನಿನ ಆಸರೆ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮ ೨೦೦೭ರಲ್ಲಿ ಬಂದಿದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು. ತಿಂಗಳಿಗೆ ೧೦,೦೦೦ ರೂಪಾಯಿಯವರೆಗೆ ಜೀವನಾಂಶ ಸಿಕ್ಕಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಆ ಆಸ್ತಿಯನ್ನು ಹಿಂದಕ್ಕೆ ಪಡೆಯಲೂ ದಾರಿಯಿದೆ. ಹೊಲಮನೆ ಬರೆದುಕೊಟ್ಟು ಬೀದಿಗೆ ಬಿದ್ದವರಿಗೆ ಇದು ದೊಡ್ಡ ರಕ್ಷೆಯೇ ಸರಿ. ಆದರೆ ಜೀವನಾಂಶವನ್ನು ಆಜ್ಞೆ ಮಾಡಬಲ್ಲ ಅಧಿಕಾರಿ ಮಾತುಕತೆಯನ್ನು ಆಜ್ಞೆ ಮಾಡಲಾರ.

ಸರ್ಕಾರದ ಕಡೆಯಿಂದ ಮಾನಸಿಕ ಆರೋಗ್ಯದ ಕೆಲಸ ಹೇಗೆ ಬೆಳೆಯಿತೆಂಬುದನ್ನು ನಮ್ಮ ಕಡೆಯವರು ಅವಶ್ಯವಾಗಿ ತಿಳಿದಿರಬೇಕು. ಏಕೆಂದರೆ ಅದರ ಒಂದು ಬೇರು ನಮ್ಮ ಪಕ್ಕದಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಮನೋವೈದ್ಯರನ್ನು ಹುಡುಕಿಕೊಂಡು ರೋಗಿ ನಗರಕ್ಕೆ ಬರುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ರೋಗವನ್ನು ಗುರುತಿಸುವುದು, ಮಾತ್ರೆ ಕೊಡುವುದು ಅದರ ಕ್ರಮ. ಬಳ್ಳಾರಿ ಮಾದರಿಯೆಂದು ಅದು ಪ್ರಸಿದ್ಧವಾಗಿ, ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ, ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ನಮ್ಮದಾಗಿ, ಎರಡು ದಶಕ ನಮ್ಮೊಡನಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ದೇಶಕ್ಕೆ ದಾರಿ ತೋರಿದ ಪ್ರಯೋಗ ನಮ್ಮ ಹೊಸ್ತಿಲಲ್ಲಿ ನಡೆದದ್ದು ಎಂದು ಹೆಮ್ಮೆಪಡಬಹುದು. ಆದರೆ ಆ ಮಾದರಿಯ ಕಣ್ಣು ಮುಖ್ಯವಾಗಿ ಇದ್ದದ್ದು ಎಲ್ಲರಿಗೂ ಕಾಣುವ ಉಗ್ರ ಮನೋರೋಗಗಳ ಮೇಲೆ, ಮೂರ್ಛೆರೋಗದ ಮೇಲೆ. ಕೂಗಾಡುವ ರೋಗಿಯನ್ನು ಊರೇ ತೋರಿಸುತ್ತದೆ. ಗೋಡೆಯ ಕಡೆ ಮುಖಮಾಡಿ ಸುಮ್ಮನೆ ಮಲಗಿರುವ ಮುದುಕನನ್ನು ಯಾರೂ ತೋರಿಸುವುದಿಲ್ಲ. ಈಗ ದೂರವಾಣಿಯ ನೆರವೂ ಇದೆ: ಮನಸ್ಸಿನ ತೊಂದರೆಗೆ ೧೪೪೧೬, ಹಿರಿಯರ ಯಾವುದೇ ತೊಂದರೆಗೆ ೧೪೫೬೭. ಎರಡೂ ಒಳ್ಳೆಯವು, ಕಿವಿ ಮಂದವಾದವರಿಗೆ ಮಾತ್ರ ಫೋನಿನ ಆಸರೆ ಎಷ್ಟು ಎಂಬುದು ಪ್ರಶ್ನೆ.

ಕಿವಿಯ ಮಾತು ಬಂದಿತು. ಅದನ್ನು ಸಣ್ಣ ವಿಷಯವೆಂದು ತಳ್ಳಕೂಡದು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಲಿ ೨೦೨೪ರಲ್ಲಿ, ಮರೆವಿನ ರೋಗಕ್ಕೆ ಕಾರಣವಾಗುವ, ಆದರೆ ನಾವು ತಡೆಯಬಹುದಾದ ೧೪ ಸಂಗತಿಗಳನ್ನು ಪಟ್ಟಿಮಾಡಿತು. ಅದರಲ್ಲಿ ಕಿವುಡು ಇದೆ, ಚಿಕಿತ್ಸೆಯಾಗದ ದೃಷ್ಟಿದೋಷ ಇದೆ, ಖಿನ್ನತೆ ಇದೆ, ಜನಸಂಪರ್ಕವಿಲ್ಲದಿರುವುದೂ ಇದೆ. ಇವು ಒಂದಕ್ಕೊಂದು ಕೊಂಡಿಯಂತೆ. ಕಿವಿ ಕೇಳಿಸದವನು ‘ಹಾಂ? ಹಾಂ?’ ಎಂದು ಎರಡು ಸಲ ಕೇಳಿ, ಮೂರನೆಯ ಸಲ ಮೊಮ್ಮಕ್ಕಳು ನಕ್ಕಾಗ, ನಾಲ್ಕನೆಯ ಸಲ ಕೇಳುವುದನ್ನೇ ಬಿಡುತ್ತಾನೆ. ಮಿಲ್ಲಿನ ಸದ್ದಿನಲ್ಲಿ ಮೂವತ್ತು ವರ್ಷ ದುಡಿದವರ ಕಿವಿ ಹೇಗಿರಬಹುದೆಂದು ಹೇಳಬೇಕಾದುದಿಲ್ಲ. ಆದುದರಿಂದ ನನ್ನನ್ನು ಕೇಳಿದರೆ, ಹಳೆಯ ಮಿಲ್ಲಿನ ಬಡಾವಣೆಗಳಿಗೂ ಯಂತ್ರಾಪುರಕ್ಕೂ ಮೊದಲು ಬರಬೇಕಾದವರು ಕಿವಿ ಪರೀಕ್ಷಿಸುವವರು, ಕನ್ನಡಕದವರು. ಮನಸ್ಸಿನ ವೈದ್ಯರು ಅವರ ಹಿಂದೆಯೇ ಬರಲಿ.

ಆಸರೆಯೆಂದರೆ ಪಡೆಯುವುದು ಮಾತ್ರವೇ ಎಂಬ ಪ್ರಶ್ನೆ ಉಳಿಯಿತು. ನಾವು ಹಿರಿಯರನ್ನು ‘ನೋಡಿಕೊಳ್ಳಬೇಕಾದವರು’ ಎಂಬ ಒಂದೇ ಕೋಣೆಗೆ ಹಾಕಿದ್ದೇವೆ. ಆಫ್ರಿಕ ಖಂಡದ ಜಿಂಬಾಬ್ವೆಯಲ್ಲಿ ಇದಕ್ಕೆ ತಿರುಗುಮುರುಗಾದ ಕೆಲಸವೊಂದು ನಡೆಯಿತು. ಅಲ್ಲಿಯ ಮನೋವೈದ್ಯ ಡಿಕ್ಸನ್ ಚಿಬಾಂಡ ೨೦೦೬ರಲ್ಲಿ ರಾಜಧಾನಿ ಹರಾರೆಯ ಬಡವರ ಕೇರಿಯೊಂದರಲ್ಲಿ ೧೪ ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಒಂದು ಮರದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಪಕ್ಕದ ಜಾಗದಲ್ಲಿ ಕೂರುತ್ತಾರೆ, ಅಜ್ಜಿ ಕೇಳುತ್ತಾಳೆ, ತೊಂದರೆಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ದಾರಿಯೇನೆಂದು ಇಬ್ಬರೂ ಯೋಚಿಸುತ್ತಾರೆ. ಅದರಿಂದ ಗುಣವುಂಟೆಂದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಿದ್ಧಪಟ್ಟಿತು. ಹರಾರೆಗೂ ಹರಿಹರಕ್ಕೂ ಹೆಸರಿನ ಹೋಲಿಕೆ ಆಕಸ್ಮಿಕ. ಆದರೆ ಕಟ್ಟೆಯೆಂಬುದನ್ನು ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಲೇತಿನ ಮುಂದೆ ನಿಂತು ಹತ್ತಾರು ಹುಡುಗರನ್ನು ತಿದ್ದಿದ ಕೈಗಳು, ಹತ್ತಾರು ಬಾಣಂತನ ಮಾಡಿದ ಕೈಗಳು ಇಲ್ಲಿ ಸುಮ್ಮನೆ ಕುಳಿತಿವೆ. ಸೇವೆಯ ಅವಶ್ಯಕತೆಯನ್ನು ಅಳೆಯುವವರು ಹಿರಿಯರಿಗೆ ಏನು ಬೇಕು ಎಂದು ಕೇಳುವಂತೆಯೇ ಅವರು ಏನು ಕೊಡಬಲ್ಲರು ಎಂದೂ ಕೇಳಬೇಕು.

ಇಲ್ಲಿ ನಮ್ಮ ಕಾಲೇಜಿನ ಪಾತ್ರ ಬರುತ್ತದೆ. ಪ್ರತಿ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ, ಒಳ್ಳೆಯದು. ಒಂದು ವರ್ಷ ಈ ಎರಡು ಊರುಗಳ ಹಳೆಯ ಕಾರ್ಮಿಕ ಬಡಾವಣೆಗಳ ಹಿರಿಯರ ಸಮೀಕ್ಷೆಯನ್ನೇ ಕೈಕೊಳ್ಳಬಾರದೇಕೆ? ಆದರೆ ಹಾಳೆಯನ್ನು ಬದಲಾಯಿಸಿಕೊಂಡು ಹೋಗೋಣ. ‘ಯಾರೊಡನೆ ವಾಸ?’ ಎಂಬುದು ಇರಲಿ. ಅದರ ಕೆಳಗೆ ‘ನಿನ್ನೆ ಯಾರೊಡನೆ ಮಾತನಾಡಿದಿರಿ?’ ಎಂದು ಕೇಳೋಣ. ನಿನ್ನೆ ಎಂದೇ ಕೇಳಬೇಕು. ‘ಸಾಮಾನ್ಯವಾಗಿ’ ಎಂದರೆ ಎಲ್ಲರೂ ಎಲ್ಲರೊಡನೆಯೂ ಮಾತನಾಡುತ್ತಾರೆ. ನಡುರಾತ್ರಿ ಮೈ ಸರಿಯಿಲ್ಲದಾದರೆ ಯಾರ ಹೆಸರು ಕೂಗುತ್ತೀರಿ, ಕೈಯಲ್ಲಿ ನಿಮ್ಮದೇ ಎಂದು ಹಣ ಎಷ್ಟಿದೆ, ಕಳೆದ ತಿಂಗಳು ಮನೆ ಬಿಟ್ಟು ಎಲ್ಲಿಗೆ ಹೋಗಿದ್ದಿರಿ, ಜೊತೆಯಲ್ಲಿ ದುಡಿದವರಲ್ಲಿ ಎಷ್ಟು ಮಂದಿ ಬದುಕಿದ್ದಾರೆ, ಅವರನ್ನು ಕಂಡು ಎಷ್ಟು ದಿನವಾಯಿತು ಎಂದು ಕೇಳೋಣ. ಪಡಸಾಲೆಯಲ್ಲಿ ಕೇಳಬಾರದು, ಜಗಲಿಗೋ ಕಟ್ಟೆಗೋ ಕರೆದುಕೊಂಡು ಹೋಗಿ, ಅಜ್ಜಿಯರನ್ನು ಹುಡುಗಿಯರೇ, ಬೇರೆ ಯಾರೂ ಇಲ್ಲದಾಗ ಕೇಳಬೇಕು. ಹೊರಡುವ ಮೊದಲು ಮನೋವೈದ್ಯರೊಬ್ಬರಿಂದ ಅರ್ಧ ದಿನದ ಪಾಠ ಕೇಳಬೇಕು. ‘ನನಗೆ ಬದುಕು ಸಾಕಾಗಿದೆ’ ಎಂದು ಒಬ್ಬರು ಅಂದರೆ ಅದನ್ನು ಮುಪ್ಪಿನ ಮಾತೆಂದು ನಕ್ಕು ಕಳೆಯದೆ, ಅಂದೇ ಮನೆಯಲ್ಲಿ ನಂಬಿಕೆಯುಳ್ಳವರಿಗೆ ತಿಳಿಸುವುದು, ೧೪೪೧೬ಕ್ಕೆ ಕರೆ ಮಾಡಿಸುವುದು ಅಥವಾ ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ಗೊತ್ತಿರಬೇಕು. ಹೆಸರುಗಳನ್ನು ಯಾರಿಗೂ ತೋರಿಸಕೂಡದು, ಅಧ್ಯಾಪಕರಿಗೂ ಸಹ.

ಕೊನೆಯ ಪ್ರಶ್ನೆ ಹೀಗಿರಲಿ: ‘ನಿಮ್ಮಿಂದ ಯಾರಿಗಾದರೂ ಏನಾದರೂ ಕಲಿಸಬೇಕೆಂದಿದೆಯೇ?’ ಇದಕ್ಕೆ ಹೌದು ಅಲ್ಲ ಎಂಬ ಚೌಕ ಹಾಕುವುದು ಬೇಡ; ಅರ್ಧ ಪುಟ ಖಾಲಿ ಬಿಡೋಣ. ಬರೆದುಕೊಳ್ಳುವವರು ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಯನ್ನು ನೋಡುವ ಆತುರ ಇಟ್ಟುಕೊಳ್ಳದೆ ಹೋಗಲಿ.